ತಾವರೆ ಜಾಡಿಯ ಉಪವಾಸ

ಅಕ್ಕಾ,

ಇಲ್ಲಿಯವರೆಗಿನ ಖರ್ಚು: ಉದ್ದ ಮೂತಿಯ ನೂರು ಹುಳ, ನಿನ್ನ ಕೊಳದಿಂದ ತಂದ ಹನ್ನೆರಡು ತಾವರೆ ಗಿಡ, ನನ್ನ ಆರು ವಾರ. ಕೊಳ ನುಂಗುತ್ತಿರುವ ಕಳೆಯನ್ನು ತಿನ್ನಲು ಬಿಡುವ ಈ ಹುಳ ನಾಳೆ ನಿನ್ನ ತಾವರೆಗೂ ಬಾಯಿ ಹಾಕೀತೇ ಎಂದು ತಿಳಿಯಲು ಇಲ್ಲಿನ ಪ್ರಯೋಗಾಲಯದಲ್ಲಿ ಬಲು ಘನವಾದ ಪರೀಕ್ಷೆಯಿದೆ. ಹುಳದ ಜೊತೆ ತಾವರೆ ಎಲೆಯೊಂದನ್ನೇ ಜಾಡಿಯಲ್ಲಿಟ್ಟು ಮುಚ್ಚುತ್ತಾರೆ. ತಿಂದು ಬದುಕಿದರೆ ಅದು ಕಳ್ಳ, ಹಸಿದು ಸತ್ತರೆ ಸಭ್ಯ.

ಮೂರನೆಯ ವಾರ ಒಂದು ಎಲೆಯಲ್ಲಿ ತೂತು ಕಂಡು ಓಡಿಹೋಗಿ ಹೇಳಿದೆ. ಪರೀಕ್ಷೆ ನಡೆಸುವ ಹುಳದ ಮೇಡಂ ಎಲೆ ಮಗುಚಿ, ಅಡಿಯಲ್ಲಿ ಅಂಟಿದ್ದ ಪುಟ್ಟ ಬಸವನಹುಳುವನ್ನು ಚಿಮಟದಲ್ಲಿ ಎತ್ತಿದರು.

"ಯಜಮಾನ್ರೇ, ಗಿಡ ತೊಳೆದು ತನ್ನಿ ಅಂದಿದ್ದೆ ಅಲ್ವಾ?"

"ತೊಳೆದೇ ತಂದೆ ಮೇಡಂ, ಕೊಳದ ನೀರಲ್ಲಿ!"

"ಆಹಾ, ಎಂಥಾ ಶುದ್ಧ!" ಎಂದು ಹೊಸ ಹುಳ ತಂದು ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದರು. ಎಲೆಗಳನ್ನು ನಲ್ಲಿ ನೀರಿನಲ್ಲಿ ನನ್ನ ಕೈಯಲ್ಲೇ ತೊಳೆಸಿದರು.

ಇವತ್ತು ಜಾಡಿ ತೆರೆದರು. ತಾವರೆಯ ಹುಳಗಳೆಲ್ಲ ಸತ್ತಿವೆ, ಎಲೆಗೆ ಗೀರೂ ಇಲ್ಲ. ಪಕ್ಕದ ಜಾಡಿಯಲ್ಲಿ ಕಳೆ ಸಿಕ್ಕವು ಬೀಗರ ಹಾಗೆ ಕೊಬ್ಬಿವೆ. ಹುಳ ಬಿಡಲು ಒಪ್ಪಿಗೆ ಸಿಕ್ಕಿತು. ಕಳೆಗೆ ಬೇಸತ್ತು ತಾವರೆ ಗೆಡ್ಡೆ ಕಿತ್ತು ಮಾರಿ ಕೈ ತೊಳೆದುಕೊಳ್ಳುತ್ತೇನೆಂದು ಕುಣಿಯುತ್ತಿರುವ ಭಾವನಿಗೆ ಸುಮ್ಮನಿರಲು ಹೇಳು.

ನನ್ನ ಕೆಮ್ಮು ಇಳಿದಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಲಾಭದ ಲೆಕ್ಕ: ನಿನಗೆ ಕೊಳ, ಮೇಡಂಗೆ ಒಂದು ವರದಿ, ಸತ್ತವಕ್ಕೆ ಒಳ್ಳೆಯ ಹೆಸರು, ನನಗೆ ಎಲೆ ತೊಳೆಯುವ ವಿದ್ಯೆ.

ನಿನ್ನ ತಮ್ಮ