ಪಾಸ್ಟರಿಗೆ ಹೇಳುವವರು ಯಾರು?

ಸೆಪ್ಟೆಂಬರ್ 3, ಮಂಗಳವಾರ

ನಮ್ಮ ಡ್ರೈಕ್ಲೀನಿಂಗ್ ಅಂಗಡಿಗೆ ಬೆಳಗ್ಗೆಯಿಂದ ಬರೀ ಕೋಟುಗಳು. ಸ್ಟೀಮ್ ಪ್ರೆಸ್ ಮತ್ತೆ ಸೋರುತ್ತಿದೆ, ಬಲತೋಳೆಲ್ಲ ಒದ್ದೆ. ಮಧ್ಯಾಹ್ನ ಒಬ್ಬರು ಬಿಳಿ ಶರ್ಟು ತಂದರು, ಜೇಬಿನ ತುಂಬ ಇಂಕು. ಮುಖಕ್ಕೇ ಹೇಳಿದೆ: "ಈ ಕಲೆ ಹೋಗಲ್ಲ ಸಾರ್. ನೀವೂ ಆಸೆ ಬಿಡಿ, ನಾನೂ ಬಿಡ್ತೀನಿ." ಮುಖ ಊದಿಸಿಕೊಂಡು ಹೋದರು. ಹೋಗಲಿ. ಸುಳ್ಳು ಹೇಳಿ ನಾಳೆ ಬೈಸಿಕೊಳ್ಳುವುದಕ್ಕಿಂತ ಇವತ್ತೇ ಬೈಸಿಕೊಳ್ಳುವುದು ವಾಸಿ.

ಸಂಜೆ ಚರ್ಚಿನಲ್ಲಿ ಹಿರಿಯರ ಸಭೆ. ನನ್ನನ್ನೂ ಹಿರಿಯಳೆಂದು ಆರಿಸಿದ ಮೇಲೆ ಇದೇ ಮೊದಲು. ಒಳ್ಳೆಯ ಸೀರೆ… ಬೇಡವೆನಿಸಿ ಅಂಗಡಿಯ ಬಟ್ಟೆಯಲ್ಲೇ ಹೋದೆ. ಬೇಕರಿಯವರು ಬಿಸಿ ಬನ್ನು ತಂದಿದ್ದರು. ಪಾಸ್ಟರ್ ಪ್ರಾರ್ಥನೆ ಮಾಡಿ, ಆಸ್ಪತ್ರೆಯಲ್ಲಿ ಯಾರನ್ನೋ ನೋಡಬೇಕೆಂದು ಎದ್ದು ಹೊರಟರು. ಬಾಗಿಲು ಮುಚ್ಚಿದ್ದೇ ತಡ, ಎಲ್ಲರೂ ಉಸಿರು ಬಿಟ್ಟರು. ವಿಷಯ ಒಂದೇ — ಪಾಸ್ಟರ್ ಭಾನುವಾರ ಕೊಡುವ ಪ್ರಸಂಗದ ಉದ್ದ.

"ಒವೆನ್ ಆಫ್ ಮಾಡಿ ಬರ್ತೀನಿ ಭಾನುವಾರ. ಪ್ರಸಂಗ ಮುಗಿಯೋ ಹೊತ್ತಿಗೆ ತಣ್ಣಗಾಗಿರುತ್ತೆ. ಒವೆನ್ನೂ, ನಾನೂ," ಅಂದರು ಬೇಕರಿಯವರು.

"ಹಲ್ಲು ಕೀಳೋಕೂ ಇಷ್ಟು ಹೊತ್ತು ತಗೊಳಲ್ಲಪ್ಪ ನಾನು." ಇದು ಹಲ್ಲಿನ ಡಾಕ್ಟರು, ನಮ್ಮ ಅಧ್ಯಕ್ಷರು.

ನಗು ಮುಗಿದ ಮೇಲೆ ಗಂಭೀರವಾದ ಮಾತು ಬಂತು. ಚಿಕ್ಕಮಕ್ಕಳ ಮನೆಯವರು ಪಕ್ಕದ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದಾರೆ. ಕೆಲವರು ಆಚೆ ಬೀದಿಯ ಚರ್ಚಿಗೇ ಹೋಗತೊಡಗಿದ್ದಾರೆ. ಅಕ್ಟೋಬರಿನ ವಾರ್ಷಿಕ ಸಭೆಯಲ್ಲಿ ಯಾರೋ ಒಬ್ಬರು ಎದ್ದು 'ಬೇರೆ ಪಾಸ್ಟರನ್ನು ಕರೆಸಿ' ಅನ್ನುವುದು ಗ್ಯಾರಂಟಿಯಂತೆ. ಎಲ್ಲರ ಮುಂದೆ ಆ ಮನುಷ್ಯನ ಮರ್ಯಾದೆ ಹೋಗುವ ಮೊದಲು ಮೆಲ್ಲಗೆ ಕಿವಿಗೆ ಹಾಕಬೇಕು. ಹಾಕುವವರು ಯಾರು?

ಎಲ್ಲರ ಕಣ್ಣೂ ನನ್ನ ಮೇಲೆ. ನನ್ನನ್ನು ಯಾಕೆ ಹಿರಿಯಳೆಂದು ಆರಿಸಿದರು ಅನ್ನುವುದು ಆಗ ತಲೆಗೆ ಹೋಯಿತು.

ಸೆಪ್ಟೆಂಬರ್ 8, ಭಾನುವಾರ

ಕಳೆದುಹೋದ ಕುರಿಯ ಮೇಲೆ ಪ್ರಸಂಗ. ಕುರಿ ಸಿಕ್ಕಿತು. ಆಮೇಲೆ ಪ್ರಸಂಗವೇ ಕಳೆದುಹೋಯಿತು, ಹುಡುಕುವವರಿಲ್ಲ. ಅತ್ತೆ ಮುಂದಿನ ಬೆಂಚಿನಲ್ಲಿ ಕಿವಿಯ ಮಿಷನ್ ಆಫ್ ಮಾಡಿಕೊಂಡು ನೆಮ್ಮದಿಯಾಗಿದ್ದರು. ಪುಣ್ಯವಂತೆ.

ನಮ್ಮ ಗಾಯನದ ಗುಂಪು ಮಾತ್ರ ಇವತ್ತು ಚೆನ್ನಾಗಿ ಹಾಡಿತು. ನಾನಂತೂ ಗಂಟಲು ಬಿಟ್ಟು ಹಾಡಿದೆ. ನಮಗೆ ಪಿಯಾನೊ ನುಡಿಸುವ ಟೀಚರಿಗೂ ಹುರುಪು ಬಂದು ಇನ್ನಷ್ಟು ಜೋರಾಗಿ ಬಾರಿಸಿದರು. ವಾರವಿಡೀ ಆ ಹಾಳು ಪ್ರೆಸ್ಸಿನ ಮುಂದೆ ನಿಲ್ಲುವ ಕಾಲಿಗೆ ಇದೊಂದೇ ಸುಖ, ಹಾಡುತ್ತಾ ನಿಲ್ಲುವುದು.

ಬಾಗಿಲಲ್ಲಿ ಪಾಸ್ಟರ್ ಕೈಕುಲುಕುತ್ತಿದ್ದರು. ಹೇಳಿಯೇ ಬಿಡುತ್ತೇನೆಂದು ಹೋದೆ.

"ಪ್ರಸಂಗ ತುಂಬಾ…" ಅಂದೆ.

"ಹೂಂ?" ಮುಖ ಅರಳಿತು ಅವರದು.

"ತುಂಬಾ… ಆಳವಾಗಿತ್ತು."

ಥೂ ನನ್ನ ಬಾಯಿಗೆ.

ಅವರೂ ನನ್ನ ಕೈ ಬಿಡಲಿಲ್ಲ. "ನಿಮ್ಮ ಹತ್ರ ಒಂದು ಮಾತಿತ್ತು ಅಕ್ಕಾ," ಅಂದರು. ಹಿಂದೆ ಸಾಲು ಬೆಳೆದಿತ್ತು. "ಇರ್ಲಿ ಬಿಡಿ. ಇನ್ನೊಂದ್ಸಲ."

ಸೆಪ್ಟೆಂಬರ್ 12, ಗುರುವಾರ

ಪಾಸ್ಟರ್ ಅಂಗಡಿಗೆ ಬಂದಿದ್ದರು. ಆರಾಧನೆಯ ನಿಲುವಂಗಿ ಕೌಂಟರಿನ ಮೇಲಿಟ್ಟರು. ಬಿಚ್ಚಿ ನೋಡಿದೆ. ಸೋಮವಾರವಷ್ಟೇ ನಾನೇ ಒಗೆದು ಇಸ್ತ್ರಿ ಮಾಡಿ ಕೊಟ್ಟದ್ದು, ನನ್ನ ಚೀಟಿ ಇನ್ನೂ ಕಾಲರಿನಲ್ಲೇ ಇದೆ.

"ಇದು ಕ್ಲೀನಾಗಿದೆಯಲ್ಲ ಪಾಸ್ಟರೇ?"

"ಹೌದಾ? ಹೌದಲ್ಲ." ಹ್ಯಾಂಗರುಗಳನ್ನು ನೋಡಿದರು, ಫ್ಯಾನು ನೋಡಿದರು. "ಅಂಗಡಿ ಚೆನ್ನಾಗಿಟ್ಕೊಂಡಿದ್ದೀರಿ."

"ನಿಮ್ಮ ಆರೋಗ್ಯ?"

"ಚೆನ್ನಾಗಿದೆ. ನಿಮ್ಮ… ಗಂಟಲು ಹೇಗಿದೆ?"

"ಕಲ್ಲಿನ ಹಾಗಿದೆ," ಅಂದೆ.

ಯಾಕೋ ಇನ್ನಷ್ಟು ಮಂಕಾದರು. ಕ್ಲೀನಾದ ಅಂಗಿಯನ್ನು ಎದೆಗವಚಿಕೊಂಡು ಹೊರಟುಹೋದರು. ನಾನೂ ತುಟಿ ಬಿಚ್ಚಲಿಲ್ಲ. ಗಿರಾಕಿಗಳ ಮುಂದೆ ಸಿಂಹ, ಪಾಸ್ಟರ ಮುಂದೆ ಇಲಿ.

ಬರೆದುಬಿಡುತ್ತೇನೆ, ಯಾಕೆ ಬಾಯಿ ಬರುವುದಿಲ್ಲ ಅಂತ. ನಮ್ಮವರು ಓಡಿಸುತ್ತಿದ್ದ ಬಸ್ಸು ಪಲ್ಟಿಯಾಗಿ ಅವರನ್ನು ಆಸ್ಪತ್ರೆಗೆ ಸೇರಿಸಿದಾಗ ಈ ಮನುಷ್ಯ ಇಡೀ ದಿನ ಕಾರಿಡಾರಿನಲ್ಲಿ ನನ್ನ ಪಕ್ಕ ಕೂತಿದ್ದರು. ಒಂದು ಉಪದೇಶವಿಲ್ಲ, ಒಂದು ವಚನವಿಲ್ಲ. ಟೀ ತಂದುಕೊಟ್ಟರು, ಲೋಟ ವಾಪಸ್ ಕೊಟ್ಟು ಬಂದರು. ಅಷ್ಟೇ. ಅಂಥವರಿಗೆ 'ನಿಮ್ಮ ಮಾತು ಜಾಸ್ತಿಯಾಯಿತು' ಎಂದು ಹೇಗಪ್ಪ ಹೇಳುವುದು.

ಸೆಪ್ಟೆಂಬರ್ 21, ಶನಿವಾರ

ಹಲ್ಲಿನ ಡಾಕ್ಟರ ಫೋನು. "ಹೇಳಿದ್ರಾ?"

"ಹೇಳ್ತಾ ಇದ್ದೀನಿ."

"ಇನ್ನೂ ಹೇಳ್ತಾನೇ ಇದ್ದೀರಾ? ಅವರ ಪ್ರಸಂಗಕ್ಕಿಂತ ಉದ್ದವಾಯ್ತಲ್ಲ ನಿಮ್ಮದು!"

ಅಕ್ಟೋಬರ್ ಆರಕ್ಕೆ ವಾರ್ಷಿಕ ಸಭೆ, ಆರಾಧನೆ ಮುಗಿದ ಕೂಡಲೇ. ಆಗಲೇ ಕೆಲವರು ಗುಂಪು ಕಟ್ಟುತ್ತಿದ್ದಾರಂತೆ. ಮಂಗಳವಾರ ಪಾಸ್ಟರ ಮನೆಗೇ ಹೋಗುತ್ತೇನೆ. ಆದದ್ದಾಗಲಿ.

ಸೆಪ್ಟೆಂಬರ್ 24, ಮಂಗಳವಾರ

ಹೇಳಿದೆ. ಅವರೂ ಹೇಳಿದರು.

ಬರೆಯುವ ಮನಸ್ಸಿಲ್ಲ.

ಸೆಪ್ಟೆಂಬರ್ 27, ಶುಕ್ರವಾರ

ಸರಿ, ಬರೆಯುತ್ತೇನೆ. ಎಷ್ಟು ದಿನ ಮುಖ ಗಂಟು ಹಾಕಿಕೊಂಡಿರುವುದು, ನೋಡುವವರಿಗೂ ಕಷ್ಟ.

ಹೋದಾಗ ಪಾಸ್ಟರ್ ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುತ್ತಿದ್ದರು. ಹೆಂಡತಿ ನರ್ಸು, ಡ್ಯೂಟಿಗೆ ಹೋಗಿದ್ದರು. ಸ್ಟೂಲಿನ ಮೇಲೆ ಕೂತೆ, ಕಣ್ಣು ಮುಚ್ಚಿದೆ, ಹೇಳಿದೆ. "ಪಾಸ್ಟರೇ, ಪ್ರಸಂಗ ಬಹಳ ಉದ್ದವಾಗ್ತಿದೆ. ಜನ ಎದ್ದು ಹೋಗ್ತಿದ್ದಾರೆ. ಹೀಗೇ ಆದ್ರೆ ನಿಮ್ಮನ್ನ ಕಳಿಸಿಬಿಡ್ತಾರೆ. ನೀವು ಹೋಗೋದು ನನಗಿಷ್ಟ ಇಲ್ಲ."

ಸ್ಟವ್ ಆರಿಸಿದರು. ಎದುರಿಗೆ ಕೂತರು. ಬೇಜಾರಾಯಿತು ಅವರಿಗೆ, ಕಾಣುತ್ತಿತ್ತು.

"ಎಲ್ಲಿ ಕತ್ತರಿಸ್ಲಿ ಅಕ್ಕಾ? ಬೇಕರಿಯವರ ಮಗಳು ಪರೀಕ್ಷೇಲಿ ಫೇಲಾದ್ಲು ಅಂತ ಯಾರೋ ಹೇಳಿದ್ರು, ಅವಳಿಗೊಂದು ಮಾತು ಸೇರಿಸ್ತೀನಿ. ಡಾಕ್ಟರಿಗೆ ತಮ್ಮನ ಜೊತೆ ಮಾತಿಲ್ಲ, ಅವರಿಗೊಂದು. ನಿಮ್ಮ ಅತ್ತೆಗೆ ವಯಸ್ಸಾಯ್ತು ಅಂತ ಅವರಿಗೊಂದು. ಹೀಗೆ ಬೆಳೆಯುತ್ತೆ."

"ಅದನ್ನೆಲ್ಲ ಅವರವರ ಮನೆಗೆ ಹೋಗಿ ಹೇಳಬಾರದಾ?"

"ಮನೆಗೆ ಕರೆಯೋರು ಯಾರು? ಕೇಳಿದ್ರೆ ಎಲ್ಲರೂ ಬ್ಯುಸಿ. ನನಗೆ ಅವರು ಕೂತು ಸಿಗೋದು ಭಾನುವಾರ ಒಂದಿನ."

ನಾನಾದರೂ ಕೊನೆಯ ಸಲ ಅವರನ್ನು ಊಟಕ್ಕೆ ಕರೆದದ್ದು ಯಾವಾಗ? ನೆನಪಾಗಲಿಲ್ಲ.

ಆಮೇಲೆ ಅವರು ಕೈ ಒರೆಸಿಕೊಂಡರು. "ಈಗ ನನ್ನ ಸರದಿ. ನಿಮಗೆ ಹೇಳೋಕೆ ಅಂತ ನನ್ನನ್ನೂ ಕಳಿಸಿದ್ದಾರೆ."

"ಯಾರು?"

"ಗಾಯನದ ಗುಂಪಿನವರು. ಅಕ್ಕಾ… ನೀವು ಶ್ರುತಿ ತಪ್ಪಿ ಹಾಡ್ತೀರಿ."

"ಯಾವ ಹಾಡಲ್ಲಿ?"

ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು.

"ಎಲ್ಲಾದ್ರಲ್ಲೂ?"

"ಎಲ್ಲಾದ್ರಲ್ಲೂ," ಅಂದರು. ಆ ಮನುಷ್ಯನ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ. ನೀರಿಂಗಿ ಮೊಟ್ಟೆ ಪಾತ್ರೆಯಲ್ಲೇ ಸೀದುಹೋಯಿತು, ಸ್ಟವ್ ಸರಿಯಾಗಿ ಆರಿರಲಿಲ್ಲ.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಅತ್ತೆ ಸೀದಾ ಮನುಷ್ಯೆ. "ನೀನು ಹಾಡೋಕೆ ನಿಂತ ತಕ್ಷಣ ಮಿಷನ್ ಆಫ್ ಮಾಡ್ತೀನಿ ಕಣೆ. ಆಮೇಲೆ ಆನ್ ಮಾಡೋಕೆ ಮರೆತುಹೋಗುತ್ತೆ. ಪ್ರಸಂಗ ನಂಗೆ ಇಷ್ಟಾನೇ."

ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. "ನಂಗೆ ಅಭ್ಯಾಸ ಆಗಿದೆ. ಮೂವತ್ತು ವರ್ಷ ಬಸ್ಸು ಓಡ್ಸಿದ್ದೀನಿ, ಹಾರ್ನಿಗೆ ಬೆಚ್ಚಿಬೀಳಲ್ಲ." ಇದು ಸಮಾಧಾನವಂತೆ!

ಅವಮಾನವಾಯಿತು. ಇಷ್ಟು ವರ್ಷ ಪಕ್ಕದಲ್ಲಿ ನಿಂತು ನಕ್ಕು ಪುಸ್ತಕ ಹಂಚಿಕೊಂಡವರು, ಒಬ್ಬರೂ ಹೇಳಲಿಲ್ಲವಲ್ಲ ಎಂದು ಸಿಟ್ಟು ಬಂತು. ಎರಡು ದಿನ ಉರಿದೆ. ಮೂರನೆಯ ದಿನ ಪ್ರೆಸ್ಸಿನ ಮುಂದೆ ನಿಂತಾಗ ನಗು ಬಂತು: ನಾವು ಪಾಸ್ಟರಿಗೆ ಮಾಡಿದ್ದೂ ಅದೇ ತಾನೆ.

ಸೆಪ್ಟೆಂಬರ್ 29, ಭಾನುವಾರ

ಗುಂಪಿನ ಜೊತೆ ನಿಲ್ಲಲಿಲ್ಲ. ಅತ್ತೆಯ ಪಕ್ಕ ಕೂತೆ, ಬಾಯಿಗೆ ಬೀಗ. ಹಾಡು ಚೆನ್ನಾಗಿತ್ತು. ಅದೇ ದುಃಖ. ಪಿಯಾನೊ ಇಷ್ಟು ಮೆತ್ತಗೆ ಕೇಳಿಸಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ.

ಪಾಸ್ಟರ್ ಹಾಳೆ ನೋಡಿಕೊಂಡು ಓದಿದರು. ಗಡಗಡ ಓದಿ ಮುಗಿಸಿ ಇಳಿದರು. ಯಾರ ಮುಖವನ್ನೂ ನೋಡಲಿಲ್ಲ. ಜನ ಕಕ್ಕಾಬಿಕ್ಕಿ.

"ಬೇಗ ಮುಗೀತು, ಸರಿ. ಆದ್ರೆ ಉಪ್ಪೇ ಇರಲಿಲ್ಲ," ಅಂದರು ಬೇಕರಿಯವರು ಮೆಟ್ಟಿಲ ಮೇಲೆ. ನೋಡಿದೆ, ಅವರ ಮಗಳು ತಲೆತಗ್ಗಿಸಿ ನಿಂತಿದ್ದಳು. ಅವಳಿಗೆ ಒಂದು ಮಾತು ಬೇಕಿತ್ತು, ಸಿಗಲಿಲ್ಲ.

ಅಕ್ಟೋಬರ್ 1, ಮಂಗಳವಾರ

ಹಿರಿಯರ ಸಭೆಯಲ್ಲಿ ಬಾಯಿಬಿಟ್ಟೆ. ಬಿಟ್ಟದ್ದು ಬಿಟ್ಟದ್ದೇ.

"ಅವರು ಉದ್ದ ಮಾಡಿದ್ದು ತಪ್ಪು. ಹೇಳಿದ್ದೀನಿ, ಕೇಳಿಸ್ಕೊಂಡಿದ್ದಾರೆ. ನಮ್ಮದು? ಪಾಸ್ಟರ್ ನಮ್ಮನ್ನ ನೋಡ್ಕೋಬೇಕು ಅಂತೀವಿ. ಬಾಗಿಲೇ ತೆಗೀದಿದ್ರೆ ಕಿಟಕೀಲಿ ಹತ್ತಿ ಬರಬೇಕಾ ಅವರು? ಯಾರ ಮನೆಗೆ ಯಾವತ್ತು ಕರೀತೀರಿ, ಈಗಲೇ ಹೇಳಿ."

ಡಾಕ್ಟರು ಕನ್ನಡಕ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. "ಗುರುವಾರ ನಮ್ಮನೆಗೆ ಬರ್ಲಿ," ಅಂದರು. "ತಮ್ಮನನ್ನೂ ಕರೀತೀನಿ, ನೋಡೋಣ."

ಬೇಕರಿಯವರು ನಾಳೆಯೇ ಎಂದರು. ಉಳಿದವರೂ ಒಬ್ಬೊಬ್ಬರಾಗಿ ದಿನ ಹೇಳಿದರು. ನಮ್ಮ ಮನೆಗೆ ಶುಕ್ರವಾರ.

ಅಕ್ಟೋಬರ್ 4, ಶುಕ್ರವಾರ

ಪಾಸ್ಟರ್ ದಂಪತಿ ಊಟಕ್ಕೆ ಬಂದಿದ್ದರು. ಎಷ್ಟು ನಕ್ಕೆವು! ಪಾಸ್ಟರ್ ಅತ್ತೆಗೆಂದು ಕೂಡಿಟ್ಟಿದ್ದ ಮಾತನ್ನೆಲ್ಲ ಅತ್ತೆಗೇ ಹೇಳಿದರು. ಅತ್ತೆ ಅದಕ್ಕಿಂತ ಜಾಸ್ತಿ ತಿರುಗಿ ಹೇಳಿದರು.

ಹೊರಡುವಾಗ ಮೆಟ್ಟಿಲಲ್ಲಿ ನಿಂತು ಕೇಳಿದರು. "ಹಾಳೆ ನೋಡಿ ಓದೋಕೆ ನನಗಾಗಲ್ಲ ಅಕ್ಕಾ. ಮುಖ ನೋಡಿದ್ರೆ ಮಾತು ಬರುತ್ತೆ, ಬಂದ್ರೆ ಗಡಿಯಾರ ಕಾಣಲ್ಲ. ಯಾರಾದ್ರೂ ನನ್ನ ನಿಲ್ಲಿಸಬೇಕು. ನೀವು ಎದ್ದು ಕೊನೇ ಹಾಡು ಶುರುಮಾಡಿ. ನಿಮ್ಮ ದನಿ ಕೇಳಿದ್ರೆ ನಾನಲ್ಲ, ಯಾರೂ ಮಾತು ಮುಂದುವರಿಸೋಕಾಗಲ್ಲ."

ಅವರ ಹೆಂಡತಿ ಅವರ ತೋಳಿಗೆ ಚಿವುಟಿದರು. ನಾನು ಮೊದಲು ಕೆಂಪಾದೆ, ಆಮೇಲೆ ಬಿದ್ದು ಬಿದ್ದು ನಕ್ಕೆ.

ಈಗ ನಗು ಬರುತ್ತಿಲ್ಲ. ಗೊತ್ತಿಲ್ಲದೆ ಹಾಡುವುದು ಸುಲಭವಿತ್ತು. ಗೊತ್ತಿದ್ದೂ ಹಾಡುವುದು, ಅದೂ ಒಬ್ಬಳೇ, ಎಲ್ಲರ ಮುಂದೆ… ನನ್ನ ಕೈಲಾಗದು.

ಅಕ್ಟೋಬರ್ 6, ಭಾನುವಾರ, ಚರ್ಚಿನಲ್ಲೇ

ಡೈರಿ ಬ್ಯಾಗಿನಲ್ಲಿತ್ತು. ಬರೆಯದೆ ಕೂರಲಾಗುತ್ತಿಲ್ಲ. ಪಕ್ಕದವರು ಪ್ರಸಂಗದ ಟಿಪ್ಪಣಿ ಎಂದುಕೊಂಡು ಮೆಚ್ಚುಗೆಯಿಂದ ನೋಡುತ್ತಿದ್ದಾರೆ.

ಇವತ್ತು ಹಾಳೆಯಿಲ್ಲ. ಒಳ್ಳೆಯದಿದೆ, ನಿಜವಾಗಿಯೂ ಒಳ್ಳೆಯದಿದೆ. ನಗಿಸಿದರು. ಬೇಕರಿಯವರ ಮಗಳು ತಲೆಯೆತ್ತಿ ಕೂತಿದ್ದಾಳೆ. ಡಾಕ್ಟರ ಪಕ್ಕ ಅವರದೇ ಮೂಗಿನ ಇನ್ನೊಬ್ಬರು, ತಮ್ಮನೇ ಇರಬೇಕು.

ಇಲ್ಲಿಗೆ ಮುಗಿಸಬೇಕಿತ್ತು. ಮುಗಿಸಲಿಲ್ಲ. "ಇನ್ನೊಂದು ಮಾತು" ಅಂದರು.

ಹಿಂದಿನ ಸಾಲಿನಲ್ಲಿ ಗುಸುಗುಸು. ಗುಂಪು ಕಟ್ಟಿದವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆ. ಇದು ಮುಗಿದ ಕೂಡಲೇ ವಾರ್ಷಿಕ ಸಭೆ. ಇವತ್ತು ಇವರು ದಾರಿ ತಪ್ಪಿದರೆ ಕೆಲಸ ಕೆಟ್ಟಿತು.

"ಇನ್ನೊಂದೇ ಒಂದು ಮಾತು."

ಅಯ್ಯೋ ದೇವರೇ.

ನನ್ನ ಕಡೆ ನೋಡಿದರು. ಬಾಯಿ ಮಾತಾಡುತ್ತಲೇ ಇದೆ, ಕಣ್ಣು ಬೇಡಿಕೊಳ್ಳುತ್ತಿದೆ.

ಎಲ್ಲರೂ ತಿರುಗಿ ನೋಡುತ್ತಾರೆ. ನೋಡಲಿ. ಗಾಯನದ ಗುಂಪಿನವರು ಕಿವಿ ಮುಚ್ಚಿಕೊಳ್ಳಲಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರು ಬಾಯಿ ಮುಚ್ಚಿ ಕೂತರು ನನಗಾಗಿ, ಇವತ್ತು ಅವರಿಗಾಗಿ ನಾನು ಬಾಯಿ ತೆರೆಯಲೇಬೇಕು.

ಮೊದಲ ಸಾಲು ನೆನಪಿದೆ. ರಾಗ ಹೇಗೂ ಇಲ್ಲ, ಅದರ ಚಿಂತೆಯಿಲ್ಲ. ಪೆನ್ನಿನ ಮುಚ್ಚಳ ಎಲ್ಲಿ… ಹಾಳಾಗಿ ಹೋಗಲಿ, ಎದ್ದೆ—