ನಿಂತ ಕಾರಿನಲ್ಲಿ ಕೂತೇ ಇರುತ್ತೇನೆ ಎನ್ನುವ ನನ್ನ ಅಕ್ಕನ ಬಗ್ಗೆ

ವಾಹನ ಸುರಕ್ಷತಾ ಪ್ರಾಧಿಕಾರದ ಮುಖ್ಯಸ್ಥರ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ನನ್ನ ಅಕ್ಕನ ಕಾರು ಓಡುತ್ತಿರುವಾಗಲೇ ರಸ್ತೆಯ ನಡುವೆ ನಿಂತುಬಿಡುತ್ತದೆ. ಎಂಜಿನ್ ಕೂಗಿಕೊಳ್ಳುತ್ತಿರುತ್ತದೆ, ಚಕ್ರಕ್ಕೆ ಮಾತ್ರ ಅದು ಕೇಳಿಸುವುದಿಲ್ಲ. ವಾರಂಟಿ ಕೊಡುವುದಿಲ್ಲ ಎಂದು ಕಂಪನಿ ಹೇಳಿದೆ. ಇದು ನಮ್ಮ ಕೆಲಸವಲ್ಲ ಎಂದು ನಿಮ್ಮ ಕಚೇರಿ ಹೇಳಿದೆ. ಮುಂದಿನ ಸಲ ಕಾರು ನಿಂತರೆ ಅದರೊಳಗಿಂದ ಅಲ್ಲಾಡುವುದಿಲ್ಲ ಎಂದು ಅಕ್ಕ ಹೇಳಿದ್ದಾಳೆ. ಈ ಮೂವರಲ್ಲಿ ಆಡಿದ ಹಾಗೆ ಮಾಡಿ ತೋರಿಸುವವಳು ಅಕ್ಕ ಒಬ್ಬಳೇ ಎಂದು ನನಗೆ ಗೊತ್ತು. ಅದಕ್ಕೇ ಭಯ, ಅದಕ್ಕೇ ಈ ಪತ್ರ.

ನಾನು ಒಂಬತ್ತನೇ ತರಗತಿಯಲ್ಲೇ ಬೆಂಚು ಬಿಟ್ಟು ಎದ್ದವಳು. ಬೇಕರಿ, ಮೊಬೈಲ್ ರಿಪೇರಿ, ಹೂವಿನ ಅಂಗಡಿ ಎಲ್ಲ ಮುಗಿಸಿ ಈಗ ಗಾಡಿಗಳಿಗೆ ಸ್ಟಿಕರ್ ಕತ್ತರಿಸಿ ಅಂಟಿಸುವ ಅಂಗಡಿಯಲ್ಲಿದ್ದೇನೆ. ಆದ್ದರಿಂದ ನಿಮ್ಮ ಕಚೇರಿಯ ಪತ್ರದ ಭಾಷೆ ನನಗೆ ಬರುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಅಕ್ಕ ಮನೆ ಮನೆಗೆ ಹೋಗುವ ನರ್ಸ್. ಹಾಸಿಗೆ ಹಿಡಿದವರ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಾಳೆ, ಮೂತ್ರದ ನಳಿಕೆ ಬದಲಿಸುತ್ತಾಳೆ, ಸಕ್ಕರೆ ನೋಡುತ್ತಾಳೆ. ಆ ಮನೆಗಳು ಒಂದು ಪೂರ್ವಕ್ಕಾದರೆ ಇನ್ನೊಂದು ಪಶ್ಚಿಮಕ್ಕೆ. ಸ್ವಂತ ಗಾಡಿ ಇದ್ದರೆ ಮಾತ್ರ ಕೆಲಸ ಎಂಬುದು ಅವಳ ಸಂಸ್ಥೆಯ ಷರತ್ತು. ಹಾಗಾಗಿ ಗೇರ್ ಹಾಕುವ ರಗಳೆಯೇ ಇಲ್ಲದ, ತಾನಾಗಿ ಗೇರ್ ಬದಲಿಸಿಕೊಳ್ಳುವ ಹೊಸ ಕಾರನ್ನೇ ಕೊಂಡಳು. "ಹಳೇದು ತಗೊಂಡ್ರೆ ದಾರೀಲಿ ಕೈ ಕೊಡುತ್ತೆ ಕಣೇ" ಎಂದಿದ್ದಳು. ಎಂಥ ದೂರದೃಷ್ಟಿ!

ಮೊದಲು ಅದು ಕೈಕೊಟ್ಟದ್ದು ರೈಲು ಹಳಿಯ ಮೇಲಿನ ಸೇತುವೆಯಲ್ಲಿ. ಆ ಸೇತುವೆ ತಿರುಗುತ್ತಾ ಏರುತ್ತದೆ. ತಿರುವಿನಾಚೆ ಏನಿದೆ ಎಂಬುದು ಹಿಂದೆ ಬರುವವರಿಗೆ ತೀರ ಹತ್ತಿರ ಬಂದಾಗಲೇ ಕಾಣುವುದು. ಅಕ್ಕ ಓಡಿಸುತ್ತಿದ್ದಳು. ನಾನು ಅವಳ ಮಗಳ ಜೊತೆ ಹಿಂದಿನ ಸೀಟಿನಲ್ಲಿದ್ದೆ. ಮಗುವನ್ನು ಶಾಲೆಗೆ, ನನ್ನನ್ನು ಅಂಗಡಿಗೆ ಬಿಟ್ಟು ಅಕ್ಕ ಕೆಲಸಕ್ಕೆ ಹೋಗುವುದು ರೂಢಿ. ಏರಿನ ನಡುವೆ ಇದ್ದಕ್ಕಿದ್ದಂತೆ ಎಂಜಿನ್ನಿನ ಸದ್ದು ಏರಿತು, ಕಾರು ನಿಧಾನವಾಯಿತು.

"ಅಕ್ಕ, ಯಾಕೆ ನಿಲ್ಲಿಸ್ತಿದೀಯ?"

"ನಾನೆಲ್ಲಿ ನಿಲ್ಲಿಸ್ತಿದೀನಿ? ಒತ್ತುತ್ತಾನೇ ಇದೀನಿ, ಹೋಗ್ತಾನೇ ಇಲ್ಲ!"

ಮಗು ಮಾತ್ರ ಹಿಂದಕ್ಕೆ ತಿರುಗಿ ಕೂತಿತ್ತು. "ಚಿಕ್ಕಿ, ಲಾರಿ ಹಲ್ಲು ಕಾಣ್ತಿದೆ" ಎಂದಿತು.

ತಿರುಗಿ ನೋಡಿದೆ. ಹಿಂದಿನ ಗಾಜಿನ ತುಂಬ ಲಾರಿಯ ಮುಂಭಾಗದ ಕಬ್ಬಿಣದ ಪಟ್ಟಿಗಳು. ಬೇರೆ ಏನೂ ಇಲ್ಲ, ಆಕಾಶವೂ ಇಲ್ಲ. ಬ್ರೇಕಿನ ಕಿರುಚಾಟ ನನ್ನ ಹಲ್ಲಿನೊಳಗೆ ಕೇಳಿಸಿತು. ಮಗುವಿನ ತಲೆಯನ್ನು ಮಡಿಲಿಗೆ ಒತ್ತಿಕೊಂಡು ಕಣ್ಣು ಮುಚ್ಚಿದೆ. ಲಾರಿ ನಿಂತಿತು, ತಾಗಲಿಲ್ಲ. ಅಕ್ಕನಿಗೆ ಏನು ತೋಚಿತೋ, ಕಾರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದಳು. ಏನೂ ಆಗಿಯೇ ಇಲ್ಲವೆಂಬಂತೆ ಕಾರು ಹೊರಟಿತು. ಲಾರಿಯವನು ಬೈದದ್ದನ್ನು ಇಲ್ಲಿ ಬರೆಯಲಾರೆ. ಆದರೆ ಬೈಯಲು ಅವನಿಗೆ ಪೂರ್ತಿ ಹಕ್ಕಿತ್ತು.

ಆಮೇಲೂ ಹಾಗೇ ಆಯಿತು. ಸಿಗ್ನಲ್ ದಾಟುವಾಗ, ಬಸ್ಸಿನ ಎದುರು ತಿರುಗುವಾಗ, ಸಂತೆಯ ಗದ್ದಲದಲ್ಲಿ. ಪ್ರತಿ ಸಲವೂ ಸ್ಟೀರಿಂಗಿನ ಹಿಂದಿನ ಫಲಕದ ಮೇಲೆ ಹಲ್ಲಿನ ಚಕ್ರದ ಆಕಾರದ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಆಫ್ ಮಾಡಿ ಆನ್ ಮಾಡಿದರೆ ದೀಪವೂ ಮಾಯ, ರೋಗವೂ ಮಾಯ.

ಸರ್ವಿಸ್ ಸೆಂಟರಿಗೆ ಹೋದೆವು. ಮುಖ ಕಾಣುವಷ್ಟು ನುಣುಪಾದ ನೆಲ, ಕಾಫಿ ಯಂತ್ರ, ಗೋಡೆಯ ಮೇಲೆ ನಗುವ ಕುಟುಂಬದ ಚಿತ್ರ. ಟೈ ಕಟ್ಟಿದ ಸಲಹೆಗಾರರೊಬ್ಬರು ಕಾರಿಗೆ ತಮ್ಮ ಯಂತ್ರ ಜೋಡಿಸಿ ನೋಡಿದರು.

"ಲೈಟೇ ಇಲ್ವಲ್ಲ ಮೇಡಂ."

"ಗಾಡಿ ನಿಂತಾಗ ಇತ್ತು."

"ಈಗ ಇಲ್ವಲ್ಲ."

"ಈಗ ಗಾಡಿ ನಿಂತಿಲ್ವಲ್ಲ!"

ಪಕ್ಕದ ಸೋಫಾದಲ್ಲಿದ್ದ ದಪ್ಪನೆಯ ಮನುಷ್ಯರೊಬ್ಬರು ನಕ್ಕುಬಿಟ್ಟರು. ಕನ್ನಡಕದ ಅಂಗಡಿ ಇಟ್ಟವರು. ಅವರದೂ ಇದೇ ಕಾರು, ಇದೇ ಕಾಯಿಲೆ. "ನಾನು ಎ.ಸಿ. ಜಾಸ್ತಿ ಹಾಕಿದ್ದಕ್ಕೆ ಹಿಂಗಾಗುತ್ತೆ ಅಂದ್ಕೊಂಡಿದ್ದೆ ತಾಯಿ. ನನ್ನ ಹೆಂಡ್ತಿ ಕೇಳಿದ್ರೆ ಎಲ್ಲಾ ನನ್ನ ತೂಕಕ್ಕೆ ಅಂತಾಳೆ" ಎಂದರು. ಆಫ್ ಮಾಡಿ ಆನ್ ಮಾಡುವ ಉಪಾಯವನ್ನು ಅವರಿಗೆ ಹೇಳಿಕೊಟ್ಟದ್ದು ಅವರ ಪಕ್ಕದ ಬೀದಿಯವರಂತೆ. ಪಕ್ಕದ ಬೀದಿಯವರಿಗೆ ಅವರ ಷಡ್ಡಕ. ಹೀಗೆ ಎಲ್ಲರೂ ಮನೆಮದ್ದು ಹಂಚಿಕೊಂಡಂತೆ ಹಂಚಿಕೊಂಡಿದ್ದೇವೆ. ಆ ಮದ್ದೇ ರೋಗದ ಗುರುತನ್ನು ಅಳಿಸಿಹಾಕುತ್ತದೆ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ನಡುರಸ್ತೆಯಲ್ಲಿ ಜೀವ ಬಾಯಿಗೆ ಬಂದಿರುವಾಗ ಸಾಕ್ಷಿ ಉಳಿಸಿಕೊಳ್ಳಬೇಕೆಂದು ಯಾರಿಗಾದರೂ ಹೊಳೆಯುತ್ತದೆಯೇ, ಮಾನ್ಯರೇ? ತಮಗೆ ಹೊಳೆಯುತ್ತಿತ್ತೇ?

ಆಮೇಲೆ ವಾರಂಟಿಯ ಅಧಿಕಾರಿ ಬಂದರು. ಬಹಳ ವಿನಯವಂತರು. "ಗಾಡಿ ನಿಂತಾಗ ನೀವು ಏನು ಮಾಡ್ತಿದ್ರಿ?" ಎಂದು ಕೇಳಿದರು. ಕನ್ನಡಕದವರು ಜೋರಾಗಿ ಕೆಮ್ಮಿದರು. ಕೇಳಿದ್ದಾರಲ್ಲ ಎಂದು ನಾನು ಹೇಳಿದೆ: "ಆಫ್ ಮಾಡಿ ಆನ್ ಮಾಡ್ತಿದ್ವಿ." ಅವರ ಮುಖ ಅರಳಿತು.

ಅವರು ಬರೆದುಕೊಟ್ಟ ಪತ್ರದ ಪ್ರಕಾರ, ದೋಷದ ಸೂಚನೆ ಇರುವಾಗ ಬಳಕೆದಾರರೇ ಎಂಜಿನ್ ಸ್ಥಗಿತಗೊಳಿಸಿ ಪುನಃ ಚಾಲೂ ಮಾಡಿದರೆ ಅದು ಅನುಚಿತ ಬಳಕೆಯಂತೆ. ಅಂಥ ಗೇರ್ ಬಾಕ್ಸಿಗೆ ವಾರಂಟಿ ಅನ್ವಯಿಸುವುದಿಲ್ಲವಂತೆ. ಅದೇ ಪತ್ರದ ಮೇಲಿನ ಸಾಲಿನಲ್ಲಿ "ಯಾವುದೇ ದೋಷ ಕಂಡುಬಂದಿಲ್ಲ" ಎಂದೂ ಇದೆ. ಅಂದರೆ ಕಾರಿನಲ್ಲಿ ದೋಷವೇ ಇಲ್ಲ, ಮತ್ತು ಆ ಇಲ್ಲದ ದೋಷ ನಮ್ಮಿಂದಲೇ ಆದದ್ದು. ನಾನು ಒಂಬತ್ತರಲ್ಲಿ ಶಾಲೆ ಬಿಟ್ಟವಳು, ಇದು ಹತ್ತನೇ ತರಗತಿಯ ಪಾಠವಿರಬೇಕು.

ಹೊರಗೆ ಬಂದ ಮೇಲೆ ಅಕ್ಕ ನನ್ನ ಮೇಲೆ ಹರಿಹಾಯ್ದಳು. "ಸತ್ಯಹರಿಶ್ಚಂದ್ರನ ತುಂಡು ಕಣೇ ನೀನು! ಒಂದು ಸಲ ಬಾಯಿ ಮುಚ್ಕೊಂಡಿದ್ರೆ ಗಂಟೇನು ಹೋಗ್ತಿತ್ತು?"

"ಕೇಳಿದ್ರಲ್ಲ ಅಕ್ಕ."

"ಕೇಳಿದ್ದಕ್ಕೆಲ್ಲ ಉತ್ತರ ಕೊಡೋಳಾಗಿದ್ರೆ ಶಾಲೇಲೇ ಇರ್ತಿದ್ದೆ!"

ಇಬ್ಬರೂ ನಕ್ಕೆವು. ಅದೇ ಕೊನೆ; ಆಮೇಲೆ ಆ ಕಾರಿನ ವಿಷಯಕ್ಕೆ ನಮ್ಮ ಮನೆಯಲ್ಲಿ ಯಾರೂ ನಕ್ಕಿಲ್ಲ. ಏಕೆಂದರೆ ಅಷ್ಟರಲ್ಲಿ ಆ ಸಲಹೆಗಾರರು ಹಿಂದಿನಿಂದ ಓಡಿಬಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ದಾರಿ ಹೇಳಿಕೊಟ್ಟರು.

"ಮೇಡಂ, ಒಂದು ಕೆಲಸ ಮಾಡಿ. ಮುಂದಿನ ಸಲ ನಿಂತಾಗ ಆಫ್ ಮಾಡ್ಬೇಡಿ. ಹಾಗೇ ಬಿಟ್ಟು ನಮಗೆ ಫೋನ್ ಮಾಡಿ. ನಮ್ಮವರು ಅಲ್ಲಿಗೇ ಬಂದು ಮೆಷಿನ್ ಹಾಕಿ ನೋಡ್ತಾರೆ. ಸಿಕ್ಕಿಬಿಟ್ರೆ ಇನ್ನೊಂದು ಸಲ ಕ್ಲೇಮ್ ಹಾಕಬಹುದು."

"ಎಷ್ಟು ಹೊತ್ತಿಗೆ ಬರ್ತಾರೆ?" ನಾನು ಕೇಳಿದೆ.

"ಟ್ರಾಫಿಕ್ ನೋಡ್ಕೊಂಡು ಬರ್ತಾರೆ."

"ಆ ಟ್ರಾಫಿಕ್ ಜಾಮ್ ಆಗಿರೋದೇ ನಮ್ಮಿಂದ ಅಲ್ವಾ? ಅಲ್ಲೀವರೆಗೆ ನಾವು ರಸ್ತೆ ಪಕ್ಕ ನಿಂತಿರಬಹುದಾ?"

ಅವರು ಟೈ ಸರಿಮಾಡಿಕೊಂಡರು. "ಇಲ್ಲ. ಡ್ರೈವರ್ ಸೀಟಿಂದ ಎದ್ದು ಯಾವ ಬಾಗಿಲು ತೆಗೆದ್ರೂ ಈ ಮಾಡೆಲ್ಲಲ್ಲಿ ಎಂಜಿನ್ ತಾನೇ ಆಫ್ ಆಗುತ್ತೆ. ಸೇಫ್ಟಿಗೆ ಅಂತ ಕೊಟ್ಟಿದಾರೆ."

ಮಾನ್ಯರೇ, ಈ ಉತ್ತರವನ್ನು ದಯವಿಟ್ಟು ಇನ್ನೊಮ್ಮೆ ಓದಿ. ವಾರಂಟಿ ಬೇಕಾದರೆ ನನ್ನ ಅಕ್ಕ, ಲಾರಿಗಳು ತಿರುವು ದಾಟಿ ನುಗ್ಗಿ ಬರುವ ಸೇತುವೆಯ ಮೇಲೆ, ಅಲುಗಾಡದ ಕಾರಿನೊಳಗೆ, ಬಾಗಿಲು ತೆರೆಯದೆ ಕಾಯಬೇಕು. ಬಾಗಿಲು ತೆರೆದರೆ ಸಾಕ್ಷಿ ಹೋಯಿತು. ತೆರೆಯದಿದ್ದರೆ ಏನು ಹೋಗುತ್ತದೆ ಎಂದು ನಾನು ಬರೆಯಬೇಕೇ?

ಅಕ್ಕ ಅದಕ್ಕೆ ಒಪ್ಪಿಬಿಟ್ಟಿದ್ದಾಳೆ. ಬೇಡ ಎಂದು ನಾನು ಅತ್ತೆ, ಜಗಳವಾಡಿದೆ, ಕೀ ಬಚ್ಚಿಟ್ಟೆ. ಕೀ ಎಲ್ಲಿದೆ ಎಂದು ಅವಳು ನೇರವಾಗಿ ಕೇಳಿದಾಗ ಹೇಳಿಬಿಟ್ಟೆ. ನನ್ನ ಹಣೆಬರಹವೇ ಅಷ್ಟು.

"ನಾನು ಹೋಗ್ದೆ ಇದ್ರೆ ಆ ಅಜ್ಜನ ಬೆನ್ನಿನ ಹುಣ್ಣು ಯಾರು ತೊಳೀತಾರೆ? ನೀನಾ?" ಎಂದಳು. "ಒಂದೇ ಒಂದು ಸಲ ಅವರ ಕಣ್ಣಿಗೆ ಬಿದ್ರೆ ಸಾಕು. ಹೊಸ ಗೇರ್ ಬಾಕ್ಸ್ ಬರುತ್ತೆ, ಎಲ್ಲಾ ಮುಗಿಯುತ್ತೆ. ಹೆದರ್ಕೊಂಡು ಎಷ್ಟು ದಿನ ಓಡಿಸ್ಲಿ?"

ಮಗುವನ್ನು ಮಾತ್ರ ಈಗ ಕಾರಿಗೆ ಹತ್ತಿಸುವುದಿಲ್ಲ; ಪಕ್ಕದ ಮನೆಯವರ ಜೊತೆ ನಡೆದು ಹೋಗುತ್ತದೆ. ಅಂದಮೇಲೆ ಏನಾಗಬಹುದು ಎಂಬುದು ಅಕ್ಕನಿಗೂ ಚೆನ್ನಾಗಿ ಗೊತ್ತು. ಮಗು ಮನೆಯಲ್ಲಿ ಕುರ್ಚಿಗಳನ್ನು ಸಾಲಾಗಿ ಇಟ್ಟು ಕಾರಿನ ಆಟ ಆಡುತ್ತದೆ. ಮೊದಲೆಲ್ಲ ಆಟದಲ್ಲಿ ಊರಿಂದೂರಿಗೆ ಹೋಗುತ್ತಿತ್ತು. ಈಗ ಸ್ವಲ್ಪ ದೂರ ಹೋಗಿ "ನಿಂತೋಯ್ತು, ಎಲ್ರೂ ತಲೆ ಬಗ್ಸಿ" ಎನ್ನುತ್ತದೆ. ಗೊಂಬೆಗಳ ತಲೆ ಒಂದೊಂದಾಗಿ ಬಗ್ಗಿಸುತ್ತದೆ. ಅಕ್ಕ ಅಡುಗೆಮನೆಯಿಂದ ಅದನ್ನು ನೋಡುತ್ತಾ ನಿಂತಿರುತ್ತಾಳೆ, ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತದೆ.

ನಾನು ಈಗಲೂ ಹಿಂದಿನ ಸೀಟಿನಲ್ಲಿ ಕೂರುತ್ತೇನೆ, ಹಿಂದೆ ಬರುವವರಿಗೆ ಗಾಜಿನೊಳಗಿಂದ ಕೈ ಬೀಸಲು. "ಈ ಕಾರು ಯಾವಾಗ ಬೇಕಾದರೂ ನಿಲ್ಲುತ್ತದೆ, ದಯವಿಟ್ಟು ದೂರವಿರಿ" ಎಂಬ ಸ್ಟಿಕರನ್ನೂ ನಾನೇ ಕತ್ತರಿಸಿ ಅಂಟಿಸಿದೆ. ಕನ್ನಡಕದವರು ಅದನ್ನು ನೋಡಿ ತಮಗೊಂದು ಬೇಕೆಂದರು. ಅವರ ಪಕ್ಕದ ಬೀದಿಯವರು, ಆ ಬೀದಿಯವರ ಷಡ್ಡಕರು ಬಂದರು. ಆಮೇಲೆ ಗುರುತಿಲ್ಲದವರೆಲ್ಲ ಬಂದರು: ಟೈಲರ್ ಒಬ್ಬರು, ವಯಸ್ಸಾದ ಟೀಚರ್ ಒಬ್ಬರು, ಆಗಷ್ಟೇ ಮದುವೆಯಾದ ಜೋಡಿ. ಪ್ರತಿಯೊಬ್ಬರೂ ತಗ್ಗಿದ ದನಿಯಲ್ಲಿ, ತಮ್ಮದೇ ಏನೋ ತಪ್ಪಿರಬೇಕು ಎಂಬಂತೆ ಕೇಳುತ್ತಾರೆ. ಒಂದು ಸ್ಟಿಕರ್ ಅಂಗಡಿಗೆ ಬಂದು ಸೇರುವ ಸುದ್ದಿ ಇಡೀ ಪ್ರಾಧಿಕಾರಕ್ಕೆ ಹೇಗೆ ತಲುಪುವುದಿಲ್ಲ?

ತಲುಪಿದೆ. ತಲುಪಿಸಿದವಳು ನಾನೇ. ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ಯಾರಿಗಾದ್ರೂ ಪೆಟ್ಟಾಗಿದೆಯಾ?" ಎಂದು ಅಲ್ಲಿನ ಗುಮಾಸ್ತರು ಕೇಳಿದರು. ಇಲ್ಲ ಎಂದೆ.

"ಸಣ್ಣಪುಟ್ಟದ್ದೂ ಇಲ್ವಾ? ಹಣೆ ತಗಲಿದ್ದು, ಕುತ್ತಿಗೆ ಉಳುಕಿದ್ದು?"

"ಇಲ್ಲ."

"ಚೆನ್ನಾಗಿ ನೆನಪು ಮಾಡ್ಕೊಳಮ್ಮ. ಪೆಟ್ಟಾಗಿದ್ರೆ ಇದು ಸುರಕ್ಷತೆಗೆ ಬರುತ್ತೆ, ನಾನು ಮೇಲಕ್ಕೆ ಕಳಿಸ್ತೀನಿ. ಇಲ್ದಿದ್ರೆ ಬರೀ ವಾರಂಟಿ ತಕರಾರು."

ಅವರು ನನಗೆ ಸಹಾಯ ಮಾಡುತ್ತಿದ್ದರು ಎಂದು ಗೊತ್ತಾಯಿತು. ಆದರೂ ಆಗದ ಪೆಟ್ಟನ್ನು ನಾನು ಆಗಿದೆ ಎನ್ನಲಿಲ್ಲ. ನಿಮ್ಮಿಂದ ಉತ್ತರ ಬಂತು: ಅಪಘಾತ, ಗಾಯ ಅಥವಾ ಬೆಂಕಿಯ ಉಲ್ಲೇಖವಿಲ್ಲದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ, ಕಂಪನಿಯನ್ನು ಸಂಪರ್ಕಿಸಿ. ಕಂಪನಿಯನ್ನು ಸಂಪರ್ಕಿಸಿದೆ. ಸುರಕ್ಷತೆಯ ದೋಷ ಎಂದು ಪ್ರಾಧಿಕಾರ ಹೇಳಿದರೆ ನೋಡೋಣ ಎಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವರ ಕಥೆ ಕೇಳಿದ್ದೇನೆ. ಕೊಳ್ಳೆ ಹೋದದ್ದಕ್ಕೆ ಪುರಾವೆ ತಂದರೆ ಮಾತ್ರ ಬಾಗಿಲು ಹಾಕುತ್ತೇವೆ ಎನ್ನುವವರನ್ನು ಈಗಲೇ ಕಂಡದ್ದು. ನಾವು ತಂದುಕೊಡಬೇಕಾದ ಆ ಪುರಾವೆ ಯಾವುದು? ಅಕ್ಕನ ಮುರಿದ ಕತ್ತೇ?

ಸೇತುವೆ ಹತ್ತಿರವಾದಾಗ ನಾವಿಬ್ಬರೂ ಮಾತು ನಿಲ್ಲಿಸುತ್ತೇವೆ. ಹೀಗೆಂದು ನಾವೇನೂ ಒಪ್ಪಂದ ಮಾಡಿಕೊಂಡಿಲ್ಲ. ಅಕ್ಕನ ಬೆರಳುಗಳು ಸ್ಟೀರಿಂಗಿನ ಮೇಲೆ ಬಿಳುಚಿಕೊಳ್ಳುತ್ತವೆ; ಎಂಥ ಹುಣ್ಣು ಕಂಡರೂ ನಡುಗದ ಕೈ ಅದು. ಇಳಿಜಾರು ಶುರುವಾದ ಮೇಲೆ ಅಕ್ಕ ಏನಾದರೂ ಒಂದು ಮಾತಾಡುತ್ತಾಳೆ, ಮಧ್ಯಾಹ್ನ ಏನು ತಿಂತೀಯ ಅಂತಲೋ, ಮಗುವಿನ ಬೂಟು ಬಿಗಿಯಾಗಿದೆ ಅಂತಲೋ. ಆಗ ಇವತ್ತಿಗೆ ಬದುಕಿದೆವು ಎಂದುಕೊಳ್ಳುತ್ತೇನೆ. ಆದರೆ ಅವಳು ಸಂಜೆ ಅದೇ ಸೇತುವೆಯ ಮೇಲೆ ಒಬ್ಬಳೇ ವಾಪಸು ಬರಬೇಕು.

ನನ್ನ ಬೇಡಿಕೆ ಇಷ್ಟು. ಈ ಮಾದರಿಯ ಕಾರುಗಳನ್ನೆಲ್ಲ ಕಂಪನಿ ವಾಪಸು ಕರೆಸಿಕೊಂಡು ಗೇರ್ ಬಾಕ್ಸ್ ಸರಿಮಾಡಿಕೊಡುವಂತೆ ಆದೇಶಿಸಿ. ನಡುರಸ್ತೆಯಲ್ಲಿ ನಿಲ್ಲುವ ಕಾರು ಯಾರನ್ನೂ ಕೊಲ್ಲುವ ಮುಂಚೆಯೇ ಅಪಾಯಕಾರಿ ಎಂದು ಒಪ್ಪಿಕೊಳ್ಳಿ. ಇದಕ್ಕೆಲ್ಲ ಸಭೆ, ಸಮಿತಿ, ವರದಿ ಬೇಕು ಎಂದು ನನಗೂ ಗೊತ್ತು. ಅದು ನಡೆಯಲಿ, ಕಾಯುತ್ತೇನೆ. ಆದರೆ ಒಂದು ಕೆಲಸಕ್ಕೆ ಸಮಿತಿ ಬೇಡ. ನಿಮ್ಮ ಮುದ್ರೆ ಇರುವ ಕಾಗದದಲ್ಲಿ ನನ್ನ ಅಕ್ಕನಿಗೆ ಒಂದು ಮಾತು ಬರೆದು ಕಳಿಸಿ: ಕಾರು ನಿಂತರೆ ಆಫ್ ಮಾಡು, ಬಾಗಿಲು ತೆಗೆದು ಇಳಿದು ದೂರ ಓಡು, ಅದರಿಂದ ನಿನ್ನ ಯಾವ ಹಕ್ಕೂ ಹೋಗುವುದಿಲ್ಲ ಎಂದು. ನಾನು ಹೇಳಿದರೆ ಅವಳು ಕೇಳುವುದಿಲ್ಲ.

ಇಂತಿ,
ಇನ್ನೂ ಪೆಟ್ಟಾಗದ ಕಾರಣ ತಮಗೆ ದೂರು ಕೊಡುವ ಅರ್ಹತೆಯಿಲ್ಲದ,
ಹಿಂದಿನ ಸೀಟಿನವಳು