ನಡುವಿನ ಸ್ವರ

ಮೇ ೨೮, ಸಂಜೆ

ಪ್ರೀತಿಯ ಸೊಸೆಗೆ,

ಮತ್ತೆ ಮದುವೆಯಾಗಿ ಹೋದವಳನ್ನು ಹೀಗೆ ಕರೆಯಬಹುದೋ ಇಲ್ಲವೋ, ಬೇರೆ ಪದ ಸಿಗುವವರೆಗೆ ಇದೇ ಇರಲಿ. ನೀನು ಬಸುರಿಯೆಂದು ಓದಿ, ಕಾಗದವನ್ನು ಹೊಲಿಗೆ ಯಂತ್ರದ ಮೇಲಿಟ್ಟುಕೊಂಡು ಇನ್ನೊಮ್ಮೆ ಓದಿದೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಶಾಲೆಯ ಸಮವಸ್ತ್ರದ ಕೆಲಸದಲ್ಲಿ ತಲೆ ಎತ್ತಲೂ ಪುರುಸೊತ್ತಿರಲಿಲ್ಲ.

ಇವತ್ತು ಗ್ರಂಥಾಲಯದ ಮಹಡಿಯಲ್ಲಿ ನಮ್ಮ ಗಾಯನ ತಂಡದ ಕಾರ್ಯಕ್ರಮವಿತ್ತು. ಹಾಡು ಪೂರ್ತಿ ಅಳುವ ಮೈನರ್‌ನಲ್ಲಿ. ಕೊನೆಯ ಕಾರ್ಡ್ ಮಾತ್ರ ನಗುವ ಮೇಜರ್. ಆ ಕಾರ್ಡ್‌ಗೆ ಮೂರು ಸ್ವರ ಒಟ್ಟಿಗೆ ಹಿಡಿಯಬೇಕು. ಕೆಳಗಿನದು ಗಂಡಸರದು, ಮೇಲಿನದು ಹುಡುಗಿಯರದು, ನಡುವಿನದು ನಮ್ಮದು. ಆ ನಡುವಿನ ಸ್ವರ ಅರ್ಧ ಸ್ವರದಷ್ಟು ಮೇಲೇರಿದರೆ ಸಂತೋಷ, ಇಲ್ಲದಿದ್ದರೆ ಅದೇ ದುಃಖ. ನಮ್ಮ ಸಾಲಿನಲ್ಲಿರುವವರು ಇಬ್ಬರೇ. ಇನ್ನೊಬ್ಬಳಾದ ಅಂಚೆಯಮ್ಮನಿಗೆ ಬೆಳಗ್ಗೆಯಿಂದ ಗಂಟಲು ಕಟ್ಟಿತ್ತು.

“ಎಲ್ಲಾ ನಿಮ್ಮ ಮೇಲೇ ಬಿತ್ತಲ್ಲ ಟೈಲರಮ್ಮ, ಆಗುತ್ತಾ?” ಅಂದರು ನಮಗೆ ಹಾಡಿಸುವ ಮೇಷ್ಟ್ರು.

“ಹೊಲಿಗೆಯಾದ್ರೆ ಬಿಚ್ಚಿ ಹಾಕಬಹುದಿತ್ತು ಸಾರ್,” ಅಂದೆ.

ಆಗ ನೀನು ನೆನಪಾದೆ. ನನ್ನ ಮಗ ತೀರಿಕೊಂಡ ಮೇಲೆ ನಾನು ಮಾತೇ ಬಿಟ್ಟಿದ್ದೆ. ನೀನು ಅಡುಗೆಮನೆಯ ಮೇಜಿನ ಮೇಲೆ ಕೀಬೋರ್ಡ್ ಇಟ್ಟು, ನನ್ನ ಬೆರಳು ಹಿಡಿದು ಒತ್ತಿಸಿದೆ. “ಅತ್ತೆ, ಇದು ಆಧಾರ ಸ್ವರ. ಹಾಡು ಎಲ್ಲೆಲ್ಲಿ ಸುತ್ತಿದ್ರೂ ಇಲ್ಲಿಗೆ ಬಂದಾಗ್ಲೇ ಅದಕ್ಕೆ ಸಮಾಧಾನ. ಈಗ ಇದರ ಜೊತೆ ಇನ್ನೆರಡು ಒತ್ತಿ.” ಮೈನರ್ ಕಾರ್ಡ್ ಕೇಳಿದ್ದೇ ನನಗೆ ಅಳು ಒತ್ತರಿಸಿಕೊಂಡು ಬಂತು. “ಅಂತೂ ಅತ್ತೆ ಅತ್ರು,” ಎಂದು ನಗಿಸಲು ಹೋಗಿ ನೀನೂ ಅತ್ತುಬಿಟ್ಟೆ. ಗಂಡನನ್ನು ಕಳೆದುಕೊಂಡವಳು ನನಗೆ ಸ್ವರ ಹೇಳಿಕೊಡುತ್ತಿದ್ದಾಳೆ ಎಂದು ಆಗಲೇ ನನಗೆ ಹೊಳೆದದ್ದು.

ಇವತ್ತು ಕೊನೆಯ ಕಾರ್ಡ್ ಬಂದಾಗ ಕಣ್ಣು ಮುಚ್ಚಿ ಆ ಅರ್ಧ ಸ್ವರ ಮೇಲೇರಿದೆ. ಸ್ವರ ನಡುಗಿತು, ಆಮೇಲೆ ಸ್ಥಿರವಾಗಿ ನಿಂತಿತು. ಮೇಷ್ಟ್ರು ಕೈ ಇಳಿಸದೆ ಉಸಿರು ಮುಗಿಯುವವರೆಗೂ ಹಿಡಿಸಿದರು. ಎಲ್ಲ ಮುಗಿದ ಮೇಲೆ, ಯಾರು ಕಲಿಸಿದ್ದು ಎಂದು ಕೇಳಿದರು. “ಮನೇಲೇ ಸಾರ್, ನನ್ನ ಸೊಸೆ,” ಅಂದೆ.

ನನಗೆ ದನಿ ಮರಳಿಸಿದವಳು ನೀನು. ಇದನ್ನು ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಯಜಮಾನರನ್ನು ಕೇಳಿದೆನೆಂದು ಹೇಳು. ಹೊಟ್ಟೆಯ ಕೂಸು ತಣ್ಣಗಿರಲಿ, ನೀವು ಮೂವರೂ ಸುಖವಾಗಿರಿ.

ನಿನ್ನ
ಅತ್ತೆ

ವಿ.ಸೂ.: ಗಂಡು ಮಗುವಾದರೆ ನನ್ನ ಮಗನ ಹೆಸರಿಡಲೇ ಎಂದು ಕೇಳಿದ್ದೀಯ. ಬೇಡಮ್ಮ. ಬಾಗಿಲು ಸದ್ದಾದರೆ ಈಗಲೂ ನನ್ನ ಬಾಯಿಗೆ ಬರುವುದು ಆ ಹೆಸರೇ. ಅದಕ್ಕೆ ಬೇರೊಬ್ಬರು ಓಗೊಟ್ಟರೆ ನನ್ನಿಂದ ತಡೆಯಲಾಗದು. ಮಗುವಿಗೆ ಅದರದೇ ಹೆಸರಿರಲಿ. ಆ ಹೊಸ ಹೆಸರು ಹಿಡಿದು ಕೂಗಲು ನಾನು ಬರುತ್ತೇನೆ.